ಉದುರುವ ಕೂದಲು, ಮುಚ್ಚುವ ಬಣ್ಣ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ರೈತರಿಗೆ ಪಾರ್ಥೇನಿಯಂ ಕಳೆಯ ಉಪದ್ರವ ಹೊಸದಲ್ಲ. ಅದನ್ನು ಕಿತ್ತವರಲ್ಲಿ ಕೆಲವರಿಗೆ ಏನೂ ಆಗದು. ಕೆಲವರಿಗೆ ಮಾತ್ರ ಮೈ ಕೆಂಪೇರಿ ತುರಿಕೆ ಹತ್ತುತ್ತದೆ. ಕಳೆ ಒಂದೇ, ಶರೀರದ ಸ್ವಭಾವ ಬೇರೆ. ಸ್ಪರ್ಶದಿಂದ ಬರುವ ಇಂತಹ ಅಲರ್ಜಿಯು ತಲೆಗೆ, ಮುಖಕ್ಕೆ ಹಚ್ಚುವ ಪ್ರಸಾಧನಗಳಿಂದಲೂ ಉಂಟಾಗಬಲ್ಲದು. ಕೂದಲುದುರುವ ಒಂದು ವಿಶೇಷ ವ್ಯಾಧಿಯುಳ್ಳವರು ಇದನ್ನು ಅರಿತಿರುವುದು ಅವಶ್ಯಕ.

ಜ್ವರದ ಬಳಿಕ ಅಥವಾ ಬಾಣಂತನದಲ್ಲಿ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಏಕೆಂದರೆ ಅದರ ಬುಡದ ರೋಮಕೂಪ ಉಳಿದಿರುತ್ತದೆ. ಕಲೆಗಟ್ಟುವ ಬಗೆಯ ವ್ಯಾಧಿಯಲ್ಲಿ ಹಾಗಲ್ಲ. ದೇಹದ ರಕ್ಷಣಾಶಕ್ತಿಯೇ ರೋಮಕೂಪದ ಮೇಲೆರಗಿ ಅದನ್ನು ನಾಶಪಡಿಸುತ್ತದೆ. ಆ ಜಾಗ ವಾಸಿಯಾದ ಗಾಯದಂತೆ ಕಲೆಗಟ್ಟಿ, ಚರ್ಮ ನುಣುಪಾಗಿ ಹೊಳೆಯುತ್ತದೆ. ಅಲ್ಲಿ ಹೋದ ಕೂದಲು ಮರಳುವುದಿಲ್ಲ. ಮುಟ್ಟು ನಿಂತ ಸ್ತ್ರೀಯರಲ್ಲಿ ಹಣೆಯಂಚಿನ ಕೂದಲು ಹಿಂದೆ ಸರಿಯುವ ಇಂತಹ ಒಂದು ವ್ಯಾಧಿಯನ್ನು ಆಸ್ಟ್ರೇಲಿಯಾದ ವೈದ್ಯ ಸ್ಟೀವನ್ ಕೊಸಾರ್ಡ್ 1994ರಲ್ಲಿ ವರ್ಣಿಸಿದರು. ಇದರಲ್ಲಿ ಹುಬ್ಬೂ ಉದುರುವುದುಂಟು.

ಕೂದಲು ವಿರಳವಾದಾಗ ಮುಚ್ಚಿಕೊಳ್ಳುವ ಆಸೆ ಸಹಜ. ಹೇರ್ ಡೈ, ಸುಗಂಧ ತೈಲ, ಮುಖದ ಕ್ರೀಮುಗಳು ಮನೆಗೆ ಬರುತ್ತವೆ. ಕಪ್ಪು ಡೈಗಳಲ್ಲಿ ಅನೇಕವು ಪ್ಯಾರಾಫಿನೈಲೀನ್‌ಡೈಅಮೀನ್ ಅಥವಾ ಪಿಪಿಡಿ ಎಂಬ ರಸಾಯನವನ್ನು ಒಳಗೊಂಡಿವೆ. ಶುದ್ಧ ಮದರಂಗಿ ಎಲೆ ಕೊಡುವುದು ಕೆಂಪು ಛಾಯೆಯನ್ನೇ. ಕಡುಗಪ್ಪು ಕೊಡುವ ‘ಕಪ್ಪು ಮೆಹಂದಿ’ಯಲ್ಲಿಯೂ ಅನೇಕ ವೇಳೆ ಪಿಪಿಡಿ ಬೆರೆತಿರುತ್ತದೆ. ಅಲರ್ಜಿಯು ಹಚ್ಚಿದ ಕೂಡಲೇ ತೋರದೆ ಒಂದೆರಡು ದಿನಗಳ ನಂತರ ತೋರುವುದರಿಂದ, ದೋಷವನ್ನು ಊಟದ ಮೇಲೋ ನೀರಿನ ಮೇಲೋ ಹೊರಿಸುವವರೇ ಹೆಚ್ಚು.

ಕಲೆಗಟ್ಟುವ ವ್ಯಾಧಿಯುಳ್ಳವರನ್ನು ಪರೀಕ್ಷಿಸಿದ ಚರ್ಮವೈದ್ಯರು ಅವರಲ್ಲಿ ಹಲವರಿಗೆ ಸುಗಂಧ ದ್ರವ್ಯ ಮುಂತಾದವುಗಳ ಅಲರ್ಜಿ ಇರುವುದನ್ನು ಕಂಡಿದ್ದಾರೆ. ಹಣೆಯಂಚಿನ ವ್ಯಾಧಿಯುಳ್ಳ ಸ್ತ್ರೀಯರು ಬಿಸಿಲು ತಡೆಯುವ ಕ್ರೀಮನ್ನು ಇತರರಿಗಿಂತ ಹೆಚ್ಚಾಗಿ ಬಳಸುತ್ತಿದ್ದರೆಂದು 2016ರಲ್ಲಿ ಬ್ರಿಟನ್ನಿನ ವೈದ್ಯರು ವರದಿಮಾಡಿದರು. ಇಷ್ಟರಿಂದಲೇ ಪ್ರಸಾಧನವೇ ವ್ಯಾಧಿಯ ಮೂಲವೆಂದು ಸಿದ್ಧವಾಗದು. ಆದರೆ ಮೊದಲೇ ಉರಿಯುತ್ತಿರುವ ನೆತ್ತಿಗೆ ಮತ್ತೊಂದು ಉರಿ ಸೇರಬಾರದು. ಒಗ್ಗದ ವಸ್ತುವನ್ನು ಬಿಟ್ಟರೆ ಅದರಿಂದಾದ ತುರಿಕೆ ತಗ್ಗುತ್ತದೆ. ಕಳೆದುಹೋದ ಕೂದಲನ್ನು ತರಲು ಇದರಿಂದ ಸಾಧ್ಯವಿಲ್ಲ. ಉಳಿದುದನ್ನು ಕಾಪಾಡಲು ವೈದ್ಯರ ಔಷಧಿಯೂ ಬೇಕು, ಅದೂ ಬೇಗನೆ ಬೇಕು.

ಒಗ್ಗದ ವಸ್ತು ಯಾವುದೆಂದು ತಿಳಿಯಲು ಪ್ಯಾಚ್ ಪರೀಕ್ಷೆಯಿದೆ. ಸಂದೇಹದ ಪದಾರ್ಥಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆನ್ನಿಗೆ ಅಂಟಿಸಿ, ಎರಡು ದಿನಗಳ ಬಳಿಕ ತೆಗೆದು ನೋಡುತ್ತಾರೆ. ಮತ್ತೆರಡು ದಿನಗಳಲ್ಲಿ ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ನೆನೆಯಬಾರದು. ನಮ್ಮ ಭಾಗದವರು ರಾಯಚೂರಿಗೋ ಹೈದರಾಬಾದಿಗೋ ಮೂರು ಸಲ ತಿರುಗಬೇಕಾದೀತು. ಆದುದರಿಂದ ಅಲ್ಲಿ ಈ ಪರೀಕ್ಷೆಯ ಸೌಕರ್ಯವಿದೆಯೇ ಎಂದು ಮುಂಚೆಯೇ ವಿಚಾರಿಸುವುದು ಲೇಸು. ಬಳಸುವ ಎಣ್ಣೆ, ಡೈ, ಕ್ರೀಮುಗಳ ಪೊಟ್ಟಣಗಳನ್ನೂ ಜೊತೆಗೆ ಒಯ್ಯಬೇಕು.

ಪಿಪಿಡಿಯುಳ್ಳ ಡೈ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಎಚ್ಚರಿಕೆ ಮುದ್ರಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿದೆ: ಮೊದಲು ಚರ್ಮದ ಮೇಲೆ ಪರೀಕ್ಷಿಸಿರಿ, ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿರಿ, ದೃಷ್ಟಿ ಹೋಗಬಹುದು. ಆದರೆ ಆ ಅಕ್ಷರಗಳು ಬಲು ಸಣ್ಣವು, ಹಿರಿಯರ ಕಣ್ಣು ಮಂದ. ಶಾಲೆಗೆ ಹೋಗುವ ಮಕ್ಕಳು ಅದನ್ನು ಅಜ್ಜಿಗೆ, ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಲಿ. ಕಲಿತ ಓದು ಮನೆಗೆ ನೆರವಾಗುವುದು ಇಂತಹ ವೇಳೆಯಲ್ಲಿಯೇ ಅಲ್ಲವೇ?