ಎಸಿ ತಂಪನ್ನು ಹುಟ್ಟಿಸುವುದಿಲ್ಲ

ಮಾರ್ಚ್ ಬಂತೆಂದರೆ ಎಸಿ ಇರುವ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ: ‘ತಂಪೇ ಬರ್ತಾ ಇಲ್ಲ, ಗ್ಯಾಸ್ ಮುಗಿದಿರಬೇಕು.’ ಮೆಕ್ಯಾನಿಕ್ ಬರುತ್ತಾರೆ, ಗೇಜ್ ಹಚ್ಚುತ್ತಾರೆ, ಗ್ಯಾಸ್ ತುಂಬಿಸಿ ಸಾವಿರಗಟ್ಟಲೆ ಬಿಲ್ ಮಾಡುತ್ತಾರೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಕಥೆ. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಎಂಬ ಈ ನಂಬಿಕೆಯಷ್ಟು ದುಬಾರಿಯಾದದ್ದು ಎಸಿಯ ವಿಷಯದಲ್ಲಿ ಇನ್ನೊಂದಿಲ್ಲ.

ಅಡುಗೆಮನೆಯ ಸಿಲಿಂಡರಿನ ಅನಿಲ ಉರಿದು ಮುಗಿಯುತ್ತದೆ. ಎಸಿಯ ಅನಿಲ ಹಾಗೆ ಖರ್ಚಾಗುವಂಥದ್ದಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಒಳಗಿನ ಕಾಯಿಲ್‌ನಲ್ಲಿ ಒತ್ತಡ ಇಳಿದಾಗ ದ್ರವ ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಎಸಿಯ ಕೆಲಸವೆಲ್ಲ ಇಷ್ಟೇ: ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದು.

ಹಾಗಾಗಿ ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕೊಳವೆಯ ಜೋಡಣೆ ಸಡಿಲವಾಗಿರಬಹುದು. ಕಡಲತೀರದ ಊರಾದರೆ ಉಪ್ಪುಗಾಳಿಗೆ ಕಾಯಿಲ್ ತುಕ್ಕು ಹಿಡಿದಿರಬಹುದು. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸುವುದು ಹಣವನ್ನು ಗಾಳಿಗೆ ಬಿಟ್ಟಂತೆಯೇ. ಮೆಕ್ಯಾನಿಕ್ ಬಂದಾಗ ನಾಲ್ಕು ಕೆಲಸ ಕೇಳಿ ಮಾಡಿಸಿಕೊಳ್ಳಿ: ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸುವುದು, ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿ–ತೇವ ತೆಗೆಯುವುದು, ಆಮೇಲೆ ಎಸಿಯ ಮೇಲಿನ ಪಟ್ಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತೂಕ ಮಾಡಿ ಹಾಕುವುದು. ಈಗಿನ ಬಹುಪಾಲು ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸ್ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಇಷ್ಟಕ್ಕೂ ತಂಪು ಕಡಿಮೆಯಾದಾಗಲೆಲ್ಲ ಕಾರಣ ಗ್ಯಾಸ್ ಆಗಿರುವುದಿಲ್ಲ. ಒಳಗಿನ ಕಾಯಿಲ್ ಮೇಲೆ ಮಂಜು ಕಟ್ಟಿದರೆ ‘ಗ್ಯಾಸ್ ಕಡಿಮೆ’ ಎಂದು ತೀರ್ಪು ಕೊಡುವವರಿದ್ದಾರೆ. ಆದರೆ ಫಿಲ್ಟರಿನಲ್ಲಿ ದೂಳು ತುಂಬಿ ಗಾಳಿ ಹಾಯದಿದ್ದರೂ ಮಂಜು ಕಟ್ಟುತ್ತದೆ. ಫೋನ್ ಮಾಡುವ ಮೊದಲು ಜಾಲರಿಯನ್ನು ತೆಗೆದು ನಲ್ಲಿಯ ಕೆಳಗೆ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ ನೋಡಿ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಇದನ್ನು ಮಾಡಬೇಕು. ಹೊರಗಿನ ಯೂನಿಟ್‌ಗೂ ಉಸಿರಾಡಲು ಜಾಗ ಬೇಕು. ಅದರ ಮುಂದೆ ಹಳೆಯ ಸಾಮಾನು ಒಟ್ಟಿದರೆ, ಬಾಲ್ಕನಿಗೆ ಗಾಜು ಹಾಕಿಸಿ ಅದನ್ನೂ ಒಳಗೇ ಮುಚ್ಚಿಟ್ಟರೆ ಹೊತ್ತು ತಂದ ಶಾಖ ಹೋಗುವುದಾದರೂ ಎಲ್ಲಿಗೆ?

‘16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ’ ಎಂಬುದು ಇನ್ನೊಂದು ನಂಬಿಕೆ. ಕಾದ ಕೋಣೆಯಲ್ಲಿ 24ಕ್ಕೆ ಇಟ್ಟರೂ ಶುರುವಿನಲ್ಲಿ ಕಂಪ್ರೆಸರ್ ತನ್ನ ಪೂರ್ತಿ ಶಕ್ತಿಯಲ್ಲೇ ಓಡುತ್ತದೆ. 16 ಎಂಬುದು ಅದು ಎಲ್ಲಿ ನಿಲ್ಲಬೇಕೆಂಬ ಗುರುತು ಮಾತ್ರ. ಕೋಣೆ ಅಷ್ಟು ತಣಿಯುವುದು ಕಷ್ಟ, ಹಾಗಾಗಿ ಕಂಪ್ರೆಸರ್ ನಿಲ್ಲದೆ ಓಡುತ್ತಿರುತ್ತದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗುವಂತೆ ನಿಯಮ ಬಂದದ್ದು ಇದಕ್ಕಾಗಿ. ಜೊತೆಗೆ ಫ್ಯಾನ್ ತಿರುಗಲಿ. ಫ್ಯಾನ್ ಕೋಣೆಯನ್ನು ತಣ್ಣಗೆ ಮಾಡದು, ಮೈಮೇಲಿನ ಬೆವರನ್ನು ಆರಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ವ್ಯರ್ಥ.

ಟನ್ ಎಂದರೆ ಎಸಿಯ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆಯನ್ನು 24 ಗಂಟೆಗಳಲ್ಲಿ ಕರಗಿಸಲು ಬೇಕಾಗುವಷ್ಟು ಶಾಖವನ್ನು ಹೊರಹಾಕುವ ಶಕ್ತಿ, ಅಂದರೆ ಸುಮಾರು 3.5 ಕಿಲೋವಾಟ್. ಹೆಚ್ಚು ಟನ್ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ಸಣ್ಣ ಕೋಣೆಗೆ ದೊಡ್ಡ ಎಸಿ ಹಾಕಿಸಿದರೆ ಮಂಗಳೂರಿನಂಥ ಊರಿನಲ್ಲಿ ಫಜೀತಿ. ಅದು ಗಾಳಿಯನ್ನು ಬೇಗ ತಣಿಸಿ ನಿಂತುಬಿಡುತ್ತದೆ, ತೇವ ತೆಗೆಯಲು ಬೇಕಾದಷ್ಟು ಹೊತ್ತು ಓಡುವುದೇ ಇಲ್ಲ. ಕೋಣೆ ತಣ್ಣಗಿದ್ದರೂ ಮೈ ಅಂಟಂಟು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಈ ಯಂತ್ರವನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಗಾಳಿಯ ತೇವವನ್ನು ಹದದಲ್ಲಿಡಲು ಎಂಬುದನ್ನು ಇಲ್ಲಿ ನೆನೆಯಬೇಕು.

‘ಎಸಿ ಹೊರಗಿನ ಶುದ್ಧ ಗಾಳಿ ತರುತ್ತದೆ’ ಎನ್ನುವುದೂ ಸುಳ್ಳು. ಮನೆಗಳ ಸಾಮಾನ್ಯ ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆರೆಯಿರಿ.

ಕೂಲರಿನ ಲೆಕ್ಕ ಪೂರ್ತಿ ಬೇರೆ. ನೀರು ಆವಿಯಾಗುವುದರಿಂದಲೇ ಅದರ ತಂಪು. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ಅದು ವರ, ಕರಾವಳಿಯ ತೇವದಲ್ಲಿ ನಿಷ್ಪ್ರಯೋಜಕ. ಎಸಿಯಂತೆ ಬಾಗಿಲು ಹಾಕಿಕೊಂಡು ಕೂತರೆ ಕೋಣೆಯಲ್ಲಿ ತೇವ ತುಂಬಿ ಸೆಕೆಯೇ ಹೆಚ್ಚುತ್ತದೆ. ಎದುರಿನ ಕಿಟಕಿ ತೆರೆದಿರಲೇಬೇಕು. ಐಸ್ ಹಾಕಿದರೆ ಭಾರಿ ವ್ಯತ್ಯಾಸ ಎನ್ನುವುದೂ ಭ್ರಮೆ. ಒಂದು ಕಿಲೋ ಐಸ್ ಕರಗುವಾಗ ಹೀರುವ ಶಾಖದ ಸುಮಾರು ಏಳು ಪಟ್ಟನ್ನು ಒಂದು ಲೀಟರ್ ನೀರು ಆವಿಯಾಗುವಾಗ ಹೀರುತ್ತದೆ.

ಕೂಲರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿದರೆ ಸಾಕು ಎಂದುಕೊಂಡವರೂ ಇದ್ದಾರೆ, ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿನ ಗೋಡೆಗೆ. ಆ ಮೊಟ್ಟೆಗಳು ಒಣಗಿದ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ತೊಟ್ಟಿಯ ಗೋಡೆಯನ್ನು ಬ್ರಷ್ ಹಾಕಿ ಉಜ್ಜಿಯೇ ತೊಳೆಯಬೇಕು, ಬೇಸಿಗೆ ಮುಗಿದು ಎತ್ತಿಡುವ ದಿನವೂ.