ಪೂರ್ವಾನುಮಿತ ಪರಿಹಾರ: ಅಪಾಯಕರ ತ್ಯಾಜ್ಯಭೂಮಿಗಳ ಶುದ್ಧೀಕರಣದಲ್ಲಿ ಸಿದ್ಧಕ್ರಮಗಳು

ಕಾರ್ಖಾನೆಗಳಿಂದ ಹೊರಬಿದ್ದ ವಿಷದ್ರವ್ಯಗಳು ಸೇರಿ ಕೆಟ್ಟುಹೋದ ನೆಲವನ್ನು ಮರಳಿ ಮನುಷ್ಯವಾಸಕ್ಕೆ ಯೋಗ್ಯವಾಗಿಸುವುದು, ಅದು ಆಗದಿದ್ದರೆ ಯಾರಿಗೂ ಕೇಡಾಗದ ಸ್ಥಿತಿಗೆ ತರುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ರಸಾಯನಶಾಸ್ತ್ರಜ್ಞರಿಗೂ ಎಂಜಿನಿಯರುಗಳಿಗೂ ಸೇರಿದ್ದು. ಇತಿಹಾಸದ ಅಧ್ಯಾಪಕನಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ಸಂಸ್ಥೆಯು ೧೯೯೩ರಲ್ಲಿ ಈ ಪ್ರಶ್ನೆಗೆ ಕೊಟ್ಟ ಒಂದು ಉತ್ತರವು ಹಳೆಯ ಕಡತಗಳ ಮೇಲೆಯೇ ನಿಂತದ್ದು. ಇಂತಹ ಸ್ಥಳಗಳಲ್ಲಿ ಹಿಂದೆ ಯಾವ ಉಪಾಯವನ್ನು ಕೈಕೊಂಡಿದ್ದರೆಂಬುದನ್ನು ದಾಖಲೆಗಳಿಂದ ಒಟ್ಟುಗೂಡಿಸಿ, ಒಂದೇ ಬಗೆಯ ಸ್ಥಳಗಳಿಗೆಲ್ಲ ಒಂದು ಸಿದ್ಧಕ್ರಮವನ್ನು ಮುಂಚಿತವಾಗಿ ಗೊತ್ತುಮಾಡಿಡುವುದೇ ಆ ಉತ್ತರ. ಅವರು ಅದಕ್ಕಿಟ್ಟ ಹೆಸರನ್ನು ಕನ್ನಡದಲ್ಲಿ ‘ಪೂರ್ವಾನುಮಿತ ಪರಿಹಾರ’ ಎನ್ನಬಹುದು. ಪೂರ್ವದ ನಿರ್ಣಯಗಳಿಂದ ಮುಂದಿನದಕ್ಕೆ ನಿಯಮವನ್ನು ತೆಗೆಯುವ ಈ ಪದ್ಧತಿ ಎಲ್ಲಿ ನ್ಯಾಯವಾದುದು, ಎಲ್ಲಿ ಶಂಕಾಸ್ಪದವಾದುದು ಎಂಬುದೇ ಇಲ್ಲಿನ ವಿಚಾರ.

ಹಿನ್ನೆಲೆಯನ್ನು ಮೊದಲು ನೋಡಬೇಕು. ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿಲಿಯಂ ಲವ್ ಎಂಬಾತನು ತೋಡಿಸತೊಡಗಿ ಅರ್ಧಕ್ಕೇ ಬಿಟ್ಟ ಒಂದು ಕಾಲುವೆಯುಂಟು. ೧೯೪೨ರಿಂದ ೧೯೫೩ರವರೆಗೆ ಹೂಕರ್ ರಾಸಾಯನಿಕ ಕಂಪೆನಿಯು ಅದರಲ್ಲಿ ಸುಮಾರು ೨೧,೦೦೦ ಟನ್ ರಾಸಾಯನಿಕ ತ್ಯಾಜ್ಯವನ್ನು ತುಂಬಿ, ಮೇಲೆ ಮಣ್ಣು ಮುಚ್ಚಿ, ಆ ನೆಲವನ್ನು ೧೯೫೩ರಲ್ಲಿ ನಗರದ ಶಿಕ್ಷಣ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಕ್ರಯಪತ್ರದಲ್ಲಿ, ಮುಂದೆ ಆಗುವ ಹಾನಿಗೆ ತಾನು ಹೊಣೆಯಲ್ಲವೆಂಬ ಷರತ್ತನ್ನು ಸೇರಿಸುವುದನ್ನು ಕಂಪೆನಿಯವರು ಮರೆಯಲಿಲ್ಲ. ಅಲ್ಲಿ ಶಾಲೆ ಎದ್ದಿತು, ಸುತ್ತಲೂ ಮನೆಗಳೆದ್ದುವು. ೧೯೭೦ರ ದಶಕದಲ್ಲಿ ಹೆಚ್ಚಿದ ಮಳೆಹಿಮಗಳಿಂದ ನೆಲದಡಿಯ ನೀರು ಮೇಲಕ್ಕೇರಿ, ರಾಸಾಯನಿಕಗಳು ಮನೆಗಳ ನೆಲಮಾಳಿಗೆಗಳಲ್ಲಿ ಒಸರತೊಡಗಿದುವು. ಲೋಯಿಸ್ ಗಿಬ್ಸ್ ಮೊದಲಾದ ಗೃಹಿಣಿಯರು ಮನೆಮನೆಗೆ ಹೋಗಿ ರೋಗಗಳ ಲೆಕ್ಕ ತೆಗೆದು ಹೋರಾಡಿದ ಮೇಲೆ, ೧೯೭೮ರ ಆಗಸ್ಟಿನಲ್ಲಿ ಮೊದಲು ರಾಜ್ಯದ ಆರೋಗ್ಯಾಧಿಕಾರಿಯೂ ಕೆಲವೇ ದಿನಗಳಲ್ಲಿ ಅಧ್ಯಕ್ಷ ಕಾರ್ಟರರೂ ತುರ್ತುಸ್ಥಿತಿಯನ್ನು ಸಾರಿದರು. ನೂರಾರು ಕುಟುಂಬಗಳು ಊರು ಬಿಟ್ಟುವು.

ಇದರ ಫಲವಾಗಿ ೧೯೮೦ರ ಡಿಸೆಂಬರ್ ೧೧ರಂದು, ಸಾಮಾನ್ಯವಾಗಿ ‘ಸೂಪರ್‌ಫಂಡ್’ ಎಂದು ಕರೆಯುವ ಕಾಯಿದೆ ಜಾರಿಗೆ ಬಂದಿತು. ರಾಸಾಯನಿಕ ಮತ್ತು ಪೆಟ್ರೋಲಿಯಂ ಉದ್ಯಮಗಳ ಮೇಲೆ ತೆರಿಗೆ ಹಾಕಿ ಒಂದು ನಿಧಿಯನ್ನು ಕೂಡಿಸುವುದು, ಕೆಡಿಸಿದವರಿಂದಲೇ ವೆಚ್ಚವನ್ನು ವಸೂಲು ಮಾಡುವುದು, ತೀರ ಕೆಟ್ಟ ಸ್ಥಳಗಳನ್ನು ಒಂದು ರಾಷ್ಟ್ರೀಯ ಆದ್ಯತಾ ಪಟ್ಟಿಗೆ ಸೇರಿಸುವುದು — ಇವು ಅದರ ಅಂಗಗಳು. ೧೯೮೩ರ ಮೊದಲ ಪಟ್ಟಿಯಲ್ಲಿ ೪೦೬ ಸ್ಥಳಗಳಿದ್ದುವು. ೧೯೯೦ರ ಸುಮಾರಿಗೆ ಅವು ೧,೨೦೦ಕ್ಕೆ ಸಮೀಪಿಸಿದುವು. ಪ್ರತಿಯೊಂದು ಸ್ಥಳಕ್ಕೂ ಪ್ರತ್ಯೇಕವಾದ ಪರಿಶೋಧನೆ, ಸಾಧ್ಯವಾದ ಉಪಾಯಗಳೆಲ್ಲವುಗಳ ತುಲನೆ, ಕೊನೆಗೆ ಒಂದು ನಿರ್ಣಯಪತ್ರ: ಹೀಗಿತ್ತು ಕಾರ್ಯಕ್ರಮ. ತುಲನೆಗೆ ೧೯೯೦ರ ನಿಯಮಾವಳಿಯು ಒಂಬತ್ತು ಮಾನದಂಡಗಳನ್ನು ವಿಧಿಸಿತು. ಜನರ ಆರೋಗ್ಯರಕ್ಷಣೆ ಮತ್ತು ಅನ್ವಯವಾಗುವ ಕಾನೂನುಗಳ ಪಾಲನೆ ಎಂಬ ಎರಡು ಅನಿವಾರ್ಯವಾದುವು. ವೆಚ್ಚ, ಕಾರ್ಯಸಾಧ್ಯತೆ, ದೀರ್ಘಕಾಲಿಕ ಫಲ ಮೊದಲಾದ ಐದು ತೂಗಿನೋಡತಕ್ಕುವು. ರಾಜ್ಯದ ಒಪ್ಪಿಗೆ ಮತ್ತು ಸ್ಥಳೀಯ ಜನರ ಒಪ್ಪಿಗೆ ಎಂಬ ಕೊನೆಯ ಎರಡು ನಿರ್ಣಯವನ್ನು ತಿದ್ದಬಲ್ಲುವು. ಇದು ನ್ಯಾಯವಾದ ಕ್ರಮವೇ ಸರಿ, ಆದರೆ ಬಹು ನಿಧಾನವಾದುದು. ಎಷ್ಟೋ ಕಡೆ ಕಾಗದಗಳು ಬೆಳೆದುವೇ ಹೊರತು ವರ್ಷಗಳು ಕಳೆದರೂ ಒಂದು ಗುದ್ದಲಿ ಮಣ್ಣು ಎದ್ದಿರಲಿಲ್ಲ. ಸುತ್ತಲಿನ ಜನ ಆ ನೀರನ್ನು ಮುಟ್ಟಲೂ ಆರದೆ, ಮನೆಯನ್ನು ಮಾರಲೂ ಆರದೆ ಕಾಯುತ್ತಿದ್ದರು.

ಈ ವಿಳಂಬವನ್ನು ತಗ್ಗಿಸಲು ಸಂಸ್ಥೆಯು ೧೯೯೨ರಲ್ಲಿ ಶೀಘ್ರಶುದ್ಧೀಕರಣದ ಒಂದು ಮಾದರಿಯನ್ನೂ, ಅದರ ಅಂಗವಾಗಿ ೧೯೯೩ರ ಸೆಪ್ಟೆಂಬರಿನಲ್ಲಿ ಪೂರ್ವಾನುಮಿತ ಪರಿಹಾರಗಳ ಮೊದಲ ಕೈಪಿಡಿಗಳನ್ನೂ ಹೊರಡಿಸಿತು. ‘ಪೂರ್ವಾನುಮಾನ’ವೆಂಬ ಮಾತು ನ್ಯಾಯಾಲಯದಿಂದ ಬಂದದ್ದು. ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆಂದು ಯಾರು ಹೇಳುತ್ತಾರೋ ಅದನ್ನು ರುಜುವಾತುಪಡಿಸುವ ಭಾರ ಅವರದೇ ಎಂದು ನಮ್ಮ ಸಾಕ್ಷ್ಯ ಕಾನೂನು ಹೇಳುವುದನ್ನು ವಾಚಕರು ಬಲ್ಲರು. ಇಲ್ಲಿಯೂ ಹಾಗೆಯೇ. ಇಂಥ ಸ್ಥಳಕ್ಕೆ ಇಂಥ ಪರಿಹಾರವೆಂದು ಮೊದಲೇ ಭಾವಿಸತಕ್ಕದ್ದು. ಆ ಸ್ಥಳವು ಅಸಾಧಾರಣವೆಂದು ತೋರಿಸಿದ ಹೊರತು ಬೇರೆ ಉಪಾಯಗಳ ವಿಸ್ತಾರವಾದ ತುಲನೆಗೆ ಹೋಗಬೇಕಾಗಿಲ್ಲ. ಒಂಬತ್ತು ಮಾನದಂಡಗಳು ರದ್ದಾಗಲಿಲ್ಲ. ಸಾರ್ವಜನಿಕರ ಅಭಿಪ್ರಾಯಕ್ಕೆ ಕೊಡಬೇಕಾದ ಅವಧಿಯೂ ಉಳಿಯಿತು. ಬದಲಾದದ್ದು ರುಜುವಾತಿನ ಭಾರ. ಅದು ಸಣ್ಣ ಬದಲಾವಣೆಯಲ್ಲ.

ಈ ಪದ್ಧತಿಯ ಒಳ್ಳೆಯ ಮುಖವನ್ನು ಕಾಣಬೇಕಾದರೆ ಬೇಗನೆ ಆವಿಯಾಗುವ ದ್ರಾವಕಗಳಿಂದ ಕೆಟ್ಟ ಮಣ್ಣಿನ ಉದಾಹರಣೆಯನ್ನು ತೆಗೆದುಕೊಳ್ಳಬೇಕು. ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಇವುಗಳಲ್ಲಿ ಮುಖ್ಯವಾದುದು. ಮಣ್ಣಿನಲ್ಲಿ ಕೊಳವೆಗಳನ್ನು ಇಳಿಸಿ, ಪಂಪಿನಿಂದ ಗಾಳಿಯನ್ನು ಹೊರಕ್ಕೆಳೆದರೆ, ಕಣಗಳ ನಡುವಣ ದ್ರಾವಕವು ಆವಿಯಾಗಿ ಆ ಗಾಳಿಯೊಡನೆ ಹೊರಬರುತ್ತದೆ. ಅದನ್ನು ಇದ್ದಲಿನ ಮೇಲೆ ಹಿಡಿದಿಟ್ಟುಕೊಳ್ಳಬಹುದು, ಇಲ್ಲವೆ ಸುಡಬಹುದು. ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ನಗರದ ನೀರಿನ ಬಾವಿಗಳು ಕೆಟ್ಟಾಗ ೧೯೮೦ರ ದಶಕದಲ್ಲಿ ಇದನ್ನು ಕೈಕೊಂಡರು. ಬೇರೆ ಕಡೆಗಳಲ್ಲಿಯೂ ಪ್ರಯೋಗ ನಡೆಯಿತು. ಹೊರಬರುವ ಆವಿಯನ್ನು ದಿನದಿನವೂ ಅಳೆಯಬಹುದಾದ್ದರಿಂದ ಫಲಾಫಲ ಕೆಲವೇ ವರ್ಷಗಳಲ್ಲಿ ತಿಳಿದುಬರುತ್ತದೆ. ಮರಳುಮಣ್ಣಿನಲ್ಲಿ ಇದು ಚೆನ್ನಾಗಿ ನಡೆಯುವುದೆಂದೂ ಬಿಗಿಯಾದ ಜೇಡಿಯಲ್ಲಿ ನಡೆಯದೆಂದೂ ಹೀಗೆ ಗೊತ್ತಾಯಿತು. ೧೯೯೩ರ ಕೈಪಿಡಿಯು ಇದನ್ನೇ ಮೊದಲನೆಯ ಆಯ್ಕೆಯೆಂದು, ಇದು ಸಾಗದ ಕಡೆ ಮಣ್ಣನ್ನು ಕಾಯಿಸಿ ದ್ರಾವಕವನ್ನು ಬೇರ್ಪಡಿಸುವುದು ಅಥವಾ ಸುಡುವುದು ಎಂದು ಹೇಳಿತು. ನೂರು ಕಡೆ ಕಲಿತ ಪಾಠವನ್ನು ನೂರೊಂದನೆಯ ಕಡೆ ಮತ್ತೆ ಮೊದಲಿನಿಂದ ಕಲಿಯುವುದು ಬುದ್ಧಿವಂತಿಕೆಯಲ್ಲ.

ನಗರಗಳ ಕಸದ ಗುಂಡಿಗಳ ವಿಷಯ ಹೀಗಲ್ಲ. ಆದ್ಯತಾ ಪಟ್ಟಿಯಲ್ಲಿದ್ದ ಸ್ಥಳಗಳಲ್ಲಿ ಹೆಚ್ಚುಕಡಮೆ ಐದರಲ್ಲೊಂದು ಇಂತಹುದು. ಊರ ಕಸದೊಡನೆ ಕಾರ್ಖಾನೆಯ ಪೀಪಾಯಿಗಳೂ ಅಲ್ಲಿ ಬಂದು ಬಿದ್ದಿದ್ದುವು. ಇವುಗಳಿಗೆ ಗೊತ್ತುಮಾಡಿದ ಪರಿಹಾರ ತ್ಯಾಜ್ಯವನ್ನು ಇದ್ದಲ್ಲಿಯೇ ಮುಚ್ಚಿ ಕಟ್ಟಿಡುವುದು: ಮೇಲೆ ನೀರಿಳಿಯದಂತಹ ಹೊದಿಕೆ, ಕೆಳಗೆ ಬಸಿದು ಬರುವ ನೀರನ್ನು ಹಿಡಿದು ಶುದ್ಧಿಮಾಡುವ ಏರ್ಪಾಡು, ಒಳಗೆ ಹುಟ್ಟುವ ಅನಿಲಕ್ಕೆ ದಾರಿ, ಅಂತರ್ಜಲದ ಹರಿವಿಗೆ ತಡೆ. ರಾಶಿಯು ಅಪಾರವಾದುದು, ಒಂದರೊಡನೊಂದು ಬೆರೆತದ್ದು; ಆದಕಾರಣ ಅದನ್ನು ಅಗೆದು ಸಂಸ್ಕರಿಸುವುದು ಅಸಾಧ್ಯವೆಂಬುದೇ ವಾದ. ನಿರ್ದಿಷ್ಟವಾಗಿ ಗುರುತಿಸಬಹುದಾದ ವಿಷದ ನೆಲೆಗಳಿದ್ದರೆ, ಅವು ತೆಗೆಯಲು ಸಾಧ್ಯವಾಗುವಷ್ಟು ಚಿಕ್ಕವಾಗಿದ್ದರೆ — ಒಂದು ಲಕ್ಷ ಘನಗಜದೊಳಗೆ ಎಂದು ಉದಾಹರಣೆ ಕೊಟ್ಟಿದ್ದಾರೆ — ಅವನ್ನು ಪ್ರತ್ಯೇಕವಾಗಿ ವಿಚಾರಿಸಬಹುದೆಂಬ ಅವಕಾಶವೂ ಉಂಟು.

ಕಡತಗಳನ್ನು ಓದುವವನಿಗೆ ಇಲ್ಲಿ ಒಂದು ಸಂಶಯ ಹುಟ್ಟುವುದು ಸಹಜ. ಈ ಅನುಮಾನಕ್ಕೆ ಆಧಾರವಾದುವು ಹಿಂದಿನ ಸಾಧ್ಯಾಸಾಧ್ಯತೆಯ ವರದಿಗಳು ಮತ್ತು ನಿರ್ಣಯಪತ್ರಗಳು. ನಿರ್ಣಯಪತ್ರವು ಏನನ್ನು ಆರಿಸಿದರೆಂದು ಹೇಳುತ್ತದೆ. ಆರಿಸಿದ್ದು ಫಲಿಸಿತೋ ಇಲ್ಲವೋ ಎಂದು ಹೇಳುವುದಿಲ್ಲ. ತಲೆಮಾರುಗಳವರೆಗೆ ನಿಲ್ಲಬೇಕಾದ ಹೊದಿಕೆಗಳಿಗೆ ೧೯೯೩ರಲ್ಲಿ ಹತ್ತು ಹನ್ನೆರಡು ವರ್ಷಕ್ಕೆ ಮೀರಿದ ವಯಸ್ಸಿರಲಿಲ್ಲ. ಇದಲ್ಲದೆ ‘ಅಸಾಧ್ಯ’ವೆಂಬ ಮಾತಿನೊಳಗೆ ತಂತ್ರದ ಕಷ್ಟವೂ ಹಣದ ಕಷ್ಟವೂ ಬೇರ್ಪಡಿಸಲಾರದಂತೆ ಬೆರೆತುಕೊಂಡಿವೆ. ೧೯೮೬ರ ತಿದ್ದುಪಡಿಯು ತ್ಯಾಜ್ಯದ ವಿಷವನ್ನೇ ಕಳೆಯುವ ಶಾಶ್ವತ ಪರಿಹಾರಗಳಿಗೆ ಆದ್ಯತೆ ಕೊಡಬೇಕೆಂದು ಸ್ಪಷ್ಟವಾಗಿ ವಿಧಿಸಿತ್ತು. ಏಳು ವರ್ಷಗಳ ತರುವಾಯ ಒಂದು ದೊಡ್ಡ ವರ್ಗದ ಸ್ಥಳಗಳಿಗೆ ವಿಷವನ್ನು ಅಲ್ಲಿಯೇ ಬಿಡುವುದು ಸಾಮಾನ್ಯ ನಿಯಮವಾಯಿತು. ಇದು ಕಾನೂನಿಗೆ ವಿರುದ್ಧವೆಂದು ನಾನು ಹೇಳುವುದಿಲ್ಲ, ಏಕೆಂದರೆ ೧೯೯೦ರ ನಿಯಮಾವಳಿಯೇ ಇದಕ್ಕೆ ಎಡೆಕೊಟ್ಟಿತ್ತು. ಆದರೆ ದ್ರಾವಕಗಳ ವಿಷಯದಲ್ಲಿ ಅನುಮಾನವು ಫಲದ ಮೇಲೆ ನಿಂತಿದ್ದರೆ, ಕಸದ ಗುಂಡಿಗಳ ವಿಷಯದಲ್ಲಿ ಅದು ರೂಢಿಯ ಮೇಲೆ ನಿಂತಿತು. ಲವ್ ಕಾಲುವೆಯಲ್ಲಿ ಆದದ್ದೂ ಇದೇ: ಸುಮಾರು ೪೦ ಎಕರೆಯ ಹೊದಿಕೆ, ಬಸಿಗಾಲುವೆಗಳು, ನೀರನ್ನು ಶುದ್ಧಿಮಾಡುವ ಕೇಂದ್ರ. ೨೦೦೪ರಲ್ಲಿ ಅದರ ಹೆಸರನ್ನು ಪಟ್ಟಿಯಿಂದ ತೆಗೆದರು. ತ್ಯಾಜ್ಯ ಬೇಲಿಯೊಳಗೆ ಅಲ್ಲಿಯೇ ಇದೆ.

ಮರಕ್ಕೆ ಕ್ರಿಯೊಸೋಟ್ ಮೊದಲಾದ ರಕ್ಷಕದ್ರವ್ಯಗಳನ್ನು ಹಚ್ಚುವ ಸ್ಥಳಗಳಿಗೆ ೧೯೯೫ರಲ್ಲಿಯೂ, ಲೋಹಗಳಿಂದ ಕೆಟ್ಟ ಮಣ್ಣಿಗೆ ೧೯೯೯ರಲ್ಲಿಯೂ ಕೈಪಿಡಿಗಳು ಬಂದುವು. ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಅಂತರ್ಜಲದ ಕೈಪಿಡಿ ಮಾತ್ರ ಒಂದು ಕಾರಣಕ್ಕೆ ಗಮನಾರ್ಹ. ನೀರನ್ನು ಮೇಲಕ್ಕೆತ್ತಿ ಶುದ್ಧಿಮಾಡುವ ಪದ್ಧತಿಯನ್ನು ರಾಷ್ಟ್ರೀಯ ಸಂಶೋಧನಾ ಮಂಡಳಿಯು ಪರೀಕ್ಷಿಸಿ, ೧೯೯೪ರ ವರದಿಯಲ್ಲಿ, ನೋಡಿದ ೭೭ ಸ್ಥಳಗಳಲ್ಲಿ ೬೯ರಲ್ಲಿ ಗುರಿ ಇನ್ನೂ ಮುಟ್ಟಿಲ್ಲವೆಂದು ತಿಳಿಸಿತು. ೧೯೯೬ರ ಕೈಪಿಡಿಯು ಅಂತರ್ಜಲಕ್ಕೆ ‘ಪರಿಹಾರ’ವೆಂಬ ಶಬ್ದವನ್ನು ಬಿಟ್ಟು ‘ಪೂರ್ವಾನುಮಿತ ಕಾರ್ಯತಂತ್ರ’ವೆಂಬ ಶಬ್ದವನ್ನು ಹಿಡಿದು, ಹಂತಹಂತವಾಗಿ ನಡೆದು ಕಲಿಯುತ್ತ ಹೋಗಬೇಕೆಂದು ಹೇಳಿತು. ಸರಕಾರಿ ಕಾಗದಗಳಲ್ಲಿ ಇಷ್ಟು ವಿನಯ ಅಪರೂಪ.

ಕಾಲ ಸರಿದಂತೆ ಹಳೆಯ ಕಡತಗಳಿಗೆ ತಿಳಿಯದಿದ್ದ ಸಂಗತಿಗಳು ಬೆಳಕಿಗೆ ಬಂದಿವೆ. ದ್ರಾವಕಗಳ ಜೊತೆಗೆ ಬೆರೆಸುತ್ತಿದ್ದ ಡೈಆಕ್ಸೇನ್ ಎಂಬ ದ್ರವ್ಯವು ನೀರಿನಲ್ಲಿ ಗಾಳಿ ಹಾಯಿಸುವ ಹಳೆಯ ವಿಧಾನಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ನೆಲದಡಿಯ ಆವಿ ಮೇಲಿನ ಮನೆಗಳೊಳಕ್ಕೆ ನುಗ್ಗುವ ಅಪಾಯವನ್ನು ಪಟ್ಟಿಗೆ ಸೇರಿಸುವ ಅಂಕಗಣನೆಯಲ್ಲಿ ಪರಿಗಣಿಸಿದ್ದು ೨೦೧೭ರಲ್ಲಿ. ಪಿಎಫ್‌ಎಎಸ್ ಎಂಬ, ಪ್ರಕೃತಿಯಲ್ಲಿ ಸುಲಭವಾಗಿ ಕೊಳೆಯದ ರಾಸಾಯನಿಕಗಳು ಕಸದ ಗುಂಡಿಗಳ ಬಸಿನೀರಿನಲ್ಲಿ ಸಿಕ್ಕುತ್ತಿವೆ. ಅವುಗಳಲ್ಲಿ ಎರಡನ್ನು ಸೂಪರ್‌ಫಂಡ್ ಕಾಯಿದೆಯ ಅಪಾಯಕರ ದ್ರವ್ಯಗಳೆಂದು ಘೋಷಿಸಿದ್ದು ೨೦೨೪ರಲ್ಲಿ. ವಿಷವನ್ನು ಅಲ್ಲಿಯೇ ಉಳಿಸಿದ ಸ್ಥಳಗಳನ್ನು ಐದು ವರ್ಷಕ್ಕೊಮ್ಮೆ ಮರುಪರೀಕ್ಷಿಸಬೇಕೆಂದು ಕಾನೂನು ವಿಧಿಸಿರುವುದರಿಂದ ಇಂತಹ ಸಂಗತಿಗಳು ಹೊರಬರಲು ದಾರಿಯಿದೆ. ಸಿದ್ಧಕ್ರಮವನ್ನು ಒಪ್ಪುವವರು ಮೊದಲು ಕೇಳಬೇಕಾದದ್ದು ಈ ಮರುಪರೀಕ್ಷೆಗೆ ಹಣವೆಲ್ಲಿದೆ ಎಂದು. ಸೂಪರ್‌ಫಂಡಿನ ಮೂಲ ತೆರಿಗೆಗಳು ೧೯೯೫ರಲ್ಲಿ ಮುಗಿದುಹೋಗಿ, ೨೦೨೧ ಮತ್ತು ೨೦೨೨ರ ಶಾಸನಗಳಿಂದ ಪುನಃ ಬಂದುವು. ನಡುವಿನ ಕಾಲು ಶತಮಾನ ಹೊರೆಯ ಬಹುಭಾಗ ಸಾಮಾನ್ಯ ತೆರಿಗೆದಾರನ ಮೇಲೆ ಬಿತ್ತು.

ನಮ್ಮ ದೇಶಕ್ಕೆ ಈ ವಿಚಾರ ದೂರದ್ದಾಗಿ ಉಳಿದಿಲ್ಲ. ಕಲುಷಿತ ಸ್ಥಳಗಳ ನಿರ್ವಹಣೆಗೆ ಭಾರತ ಸರಕಾರವು ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿದ್ದು ೨೦೨೫ರ ಜುಲೈಯಲ್ಲಿ. ಅದೇ ವರ್ಷ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಸುಮಾರು ೩೩೭ ಟನ್ ತ್ಯಾಜ್ಯವನ್ನು ಪೀಥಮ್‌ಪುರಕ್ಕೆ ಸಾಗಿಸಿ, ಮೊದಲು ಹತ್ತು ಹತ್ತು ಟನ್‌ಗಳಂತೆ ಮೂರು ಸಲ ಪರೀಕ್ಷಾರ್ಥವಾಗಿ ಸುಟ್ಟು, ಹೊಗೆಯನ್ನು ಅಳೆದು, ಅನಂತರ ಉಳಿದುದನ್ನು ಸುಟ್ಟರು. ಅದು ಚೀಲಗಳಲ್ಲಿ ಕಟ್ಟಿಟ್ಟಿದ್ದ ತ್ಯಾಜ್ಯ. ಕಾರ್ಖಾನೆಯ ನೆಲದ ಮಣ್ಣಿನ ಮತ್ತು ಅಂತರ್ಜಲದ ಪ್ರಶ್ನೆ ಅದರಿಂದ ತೀರಲಿಲ್ಲ. ಆ ಪರೀಕ್ಷೆಗಳ ಅಂಕಿಗಳೂ, ಮುಂದೆ ಹೊಸ ನಿಯಮಗಳ ಅಡಿಯಲ್ಲಿ ಆಗುವ ಪ್ರತಿಯೊಂದು ನಿರ್ಣಯವೂ, ಅದರ ಜೊತೆಗೆ ಐದು ಹತ್ತು ವರ್ಷಗಳ ಅನಂತರದ ಫಲವೂ ಸಾರ್ವಜನಿಕರ ಕೈಗೆ ಎಟುಕುವ ಕಡತಗಳಲ್ಲಿ ಸೇರಿದರೆ, ಇಲ್ಲಿನ ಮಣ್ಣಿಗೂ ಮುಂಗಾರಿಗೂ ಹೊಂದುವ ಸಿದ್ಧಕ್ರಮಗಳನ್ನು ಅವುಗಳಿಂದ ತೆಗೆಯಬಹುದು. ಅದುವರೆಗೆ ಅಮೆರಿಕದ ಅನುಮಾನಗಳು ಅಮೆರಿಕದ ಸ್ಥಳಗಳನ್ನು ಕುರಿತುವೇ ಆಗಿವೆ.