ಕಾಲ ದಾಟಿ ತೊಡೆ ತಟ್ಟಿದವರು

ಸಿಂಹಾಚಲದ ವರಾಹ ನರಸಿಂಹನ ಗುಡಿಯಲ್ಲಿ ಕೃಷ್ಣದೇವರಾಯನ 1516ರ ಶಾಸನವಿದೆ. ಕಳಿಂಗದ ದಂಡಯಾತ್ರೆಯ ವೇಳೆ ಬೆಟ್ಟಕ್ಕೆ ಬಂದ ರಾಯ ದೇವರಿಗೆ ಒಡವೆ ಒಪ್ಪಿಸಿದ್ದನ್ನು ಅದು ಹೇಳುತ್ತದೆ. ಅವನ ಕಸರತ್ತಿನ ಸುದ್ದಿ ಸಿಗುವುದು ಆಮೇಲೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹದಲ್ಲಿ. ಬೆಳಕು ಹರಿಯುವ ಮೊದಲೇ ರಾಯ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಕೊನೆಗೆ ಒಬ್ಬ ಜಟ್ಟಿಯ ಜೊತೆ ಕುಸ್ತಿಗಿಳಿಯುತ್ತಿದ್ದನಂತೆ. ದೊರೆಯನ್ನು ಚಿತ್ ಮಾಡುವ ಎದೆಗಾರಿಕೆ ಆ ಜಟ್ಟಿಗೆ ಇತ್ತೇ ಎಂದು ಪಾಯೆಸ್ ಬರೆದಿಲ್ಲ.

ಬೆಟ್ಟ ಇಳಿದು ವಿಶಾಖಪಟ್ಟಣದ ಕಡಲ ದಂಡೆಗೆ ಬಂದರೆ ಇನ್ನೊಬ್ಬ ಪೈಲ್ವಾನರ ಪ್ರತಿಮೆ. ಶ್ರೀಕಾಕುಳಂ ಸೀಮೆಯ ವೀರಘಟ್ಟಂನಲ್ಲಿ ಹುಟ್ಟಿ, ಎದೆಯ ಮೇಲೆ ಆನೆ ಹತ್ತಿಸಿಕೊಂಡು ‘ಕಲಿಯುಗ ಭೀಮ’ ಎನಿಸಿಕೊಂಡ ಕೋಡಿ ರಾಮಮೂರ್ತಿ ನಾಯುಡು ಅವರದು. ರಾಯನಿಗೂ ನಾಯುಡು ಅವರಿಗೂ ಕುಸ್ತಿ ಬಿದ್ದಿದ್ದರೆ? ಹರಟೆಕಟ್ಟೆಯ ಪ್ರಶ್ನೆಯೇ ಸರಿ. ಆದರೆ ಇದೇ ಜಾತಿಯ ಪ್ರಶ್ನೆಯನ್ನು ಅಮೆರಿಕದಲ್ಲಿ ಒಬ್ಬ ಕಂಪ್ಯೂಟರಿನ ಮುಂದಿಟ್ಟು ದುಡ್ಡು ಮಾಡಿದ.

ಅವನ ಹೆಸರು ಮರ್ರೆ ವೊರೋನರ್, ಮಯಾಮಿಯ ರೇಡಿಯೊ ನಿರ್ಮಾಪಕ. 1967ರಲ್ಲಿ ಬೇರೆಬೇರೆ ಕಾಲದ 16 ಹೆವಿವೇಟ್ ಬಾಕ್ಸರ್‌ಗಳ ವಿವರಗಳನ್ನು ಕಂಪ್ಯೂಟರಿಗೆ ಉಣಿಸಿ, ಅದು ಕೊಟ್ಟ ಫಲಿತಾಂಶಗಳನ್ನು ವೀಕ್ಷಕ ವಿವರಣೆಯ ಧಾಟಿಯಲ್ಲಿ ಪ್ರಸಾರ ಮಾಡಿದ. ಕೊನೆಗೆ ಗೆದ್ದದ್ದು ರಾಕಿ ಮಾರ್ಸಿಯಾನೊ. ಮೊಹಮ್ಮದ್ ಅಲಿ ಹಳೇ ಕಾಲದ ಜಿಮ್ ಜೆಫ್ರಿಸ್‌ಗೆ ಸೋತು ಹೊರಬಿದ್ದಿದ್ದ. ಆಡದ ಪಂದ್ಯದಲ್ಲಿ ಸೋಲಿಸಿದರೆ ಅಲಿ ಸುಮ್ಮನಿದ್ದಾನೆಯೇ? ಮಾನನಷ್ಟದ ದಾವೆ ಹೂಡಿದ. ಅದು ರಾಜಿಯಾಗಿ, 1969ರಲ್ಲಿ ಅಲಿ–ಮಾರ್ಸಿಯಾನೊ ಇಬ್ಬರನ್ನೂ ಸ್ಟುಡಿಯೊದ ರಿಂಗಿನಲ್ಲಿ ನಿಲ್ಲಿಸಿ ಚಿತ್ರೀಕರಣ ನಡೆಯಿತು. ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದೆ ಅಲಿ ಆಗ ನಿಷೇಧದಲ್ಲಿದ್ದ. ಮಾರ್ಸಿಯಾನೊ 1956ರಲ್ಲೇ ನಿವೃತ್ತನಾಗಿದ್ದವನು; 45ರ ವಯಸ್ಸಿನಲ್ಲಿ ಬೊಜ್ಜು ಕರಗಿಸಿ, ತಲೆಗೆ ವಿಗ್ ಏರಿಸಿಕೊಂಡು ಬಂದ. ಬೇರೆಬೇರೆ ಮುಕ್ತಾಯಗಳನ್ನೂ ತೆಗೆದಿಟ್ಟುಕೊಂಡರು. 1970ರ ಜನವರಿ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದ. ಯೂರೋಪಿನಲ್ಲಿ ಅಲಿ ಗೆಲ್ಲುವ ಚಿತ್ರವೂ ಓಡಿತು! ಮಾರ್ಸಿಯಾನೊ ಮಾತ್ರ ಎರಡನ್ನೂ ನೋಡಲಿಲ್ಲ. ಹಿಂದಿನ ಆಗಸ್ಟ್ 31ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಕಂಪ್ಯೂಟರನ್ನು ಬೈದು ಪ್ರಯೋಜನವಿಲ್ಲ. ಒಂದೇ ಕಾಲದವರ ಲೆಕ್ಕವೇ ಕೂಡುವುದಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ. ಹಾಗಾದರೆ ಫೋರ್‌ಮನ್ ಅಲಿಯನ್ನು ಅರೆದುಬಿಡಬೇಕಿತ್ತಲ್ಲ? 1974ರಲ್ಲಿ ಕಿನ್‌ಶಾಸಾದಲ್ಲಿ ಎಂಟನೇ ಸುತ್ತಿಗೆ ನೆಲ ಕಚ್ಚಿದವನು ಫೋರ್‌ಮನ್. ಇಪ್ಪತ್ತು ವರ್ಷ ಬಿಟ್ಟು, 45ರ ಅದೇ ಫೋರ್‌ಮನ್ 26ರ ಮೈಕೆಲ್ ಮೂರರ್‌ನನ್ನು ಮಲಗಿಸಿ ಮತ್ತೆ ವಿಶ್ವ ಚಾಂಪಿಯನ್ ಆದ. ಎರಡು ಕಾಲಗಳು ನಿಜವಾಗಿಯೂ ಕೈಕೈ ಮಿಲಾಯಿಸಿದ ಅಪರೂಪದ ರಾತ್ರಿ ಅದು.

ತೂಕದ ವಾದವೂ ಇದೆ. ಮಾರ್ಸಿಯಾನೊ ಗೆಲ್ಲುತ್ತಿದ್ದಾಗ ತೂಗುತ್ತಿದ್ದದ್ದು 85 ಕೆ.ಜಿ. ಆಸುಪಾಸು, ಇಂದಾಗಿದ್ದರೆ ಹೆವಿವೇಟ್‌ಗಿಂತ ಕೆಳಗಿನ, 90.7 ಕೆ.ಜಿ. ಮಿತಿಯ ವಿಭಾಗಕ್ಕೇ ಸಲ್ಲುತ್ತಿದ್ದ. ಆದರೆ 2024ರಲ್ಲಿ ರಿಯಾದ್‌ನಲ್ಲಿ ಸುಮಾರು 119 ಕೆ.ಜಿ.ಯ ಟೈಸನ್ ಫ್ಯೂರಿಯನ್ನು ಸೋಲಿಸಿದ ಒಲೆಕ್ಸಾಂಡರ್ ಉಸಿಕ್ ಅವನಿಗಿಂತ ಹದಿನೈದು ಕೆ.ಜಿ.ಗೂ ಹೆಚ್ಚು ಹಗುರ.

ತೂಕಕ್ಕಿಂತ ನಿಯಮವೇ ದೊಡ್ಡದು. 1915ರಲ್ಲಿ ಹವಾನಾದ ಬಿಸಿಲಿನಲ್ಲಿ ಜ್ಯಾಕ್ ಜಾನ್ಸನ್ ಮತ್ತು ಜೆಸ್ ವಿಲ್ಲರ್ಡ್ ಕಾದಾಡಿದ್ದು 45 ಸುತ್ತುಗಳ ಪಂದ್ಯದಲ್ಲಿ. ಮೊದಲ ಇಪ್ಪತ್ತು ಸುತ್ತು ಜಾನ್ಸನ್‌ನ ಕೈ ಮೇಲಿತ್ತು, 26ರಲ್ಲಿ ಬಿದ್ದ. ಇಂದಿನ 12 ಸುತ್ತುಗಳ ಲೆಕ್ಕ ಹಿಡಿದರೆ ಗೆದ್ದವನು ಜಾನ್ಸನ್.

ಹಾಗಿದ್ದರೆ ಮೈಸೂರಿನ ನಿಯಮವನ್ನೂ ಒಮ್ಮೆ ಹಿಡಿದು ನೋಡಬಹುದು. ವಿಜಯನಗರದ ಮಹಾನವಮಿಯಲ್ಲಿ ಹಲ್ಲು ಮುರಿಯುವ, ಕಣ್ಣು ಕೀಳುವ ಹೊಡೆತಗಳ ಕಾಳಗವನ್ನು ಪಾಯೆಸ್ ಕಂಡಿದ್ದ. ಅದನ್ನು ನೆನಪಿಸುವ ವಜ್ರಮುಷ್ಟಿ ಕಾಳಗ ಇಂದಿಗೂ ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನಚು ಆಯುಧ ತೊಟ್ಟು ಎದುರಾಗುತ್ತಾರೆ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು.

49 ಪಂದ್ಯ ಆಡಿ ಒಂದನ್ನೂ ಸೋಲದ ಮಾರ್ಸಿಯಾನೊನ ಮೂಗು 1954ರ ಸೆಪ್ಟೆಂಬರ್‌ನಲ್ಲಿ ಎಜಾರ್ಡ್ ಚಾರ್ಲ್ಸ್ ಎದುರು ಆರನೇ ಸುತ್ತಿನಲ್ಲಿ ಸೀಳಿಹೋಗಿತ್ತು. ರಕ್ತ ಧಾರಾಕಾರ ಹರಿಯುತ್ತಿದ್ದರೂ ಎಂಟನೇ ಸುತ್ತಿನಲ್ಲಿ ಚಾರ್ಲ್ಸ್‌ನನ್ನು ಕೆಡವಿ ಗೆದ್ದ. ಮೈಸೂರಿನ ಅಖಾಡದಲ್ಲಾಗಿದ್ದರೆ ಅವನನ್ನು ಆ ಆರನೇ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದರು.